ತಿದ್ದುವ ಕಿವಿ

ಅಂತರ್ಜಾಲದಲ್ಲಿ ಸಂಗೀತದ ಪಾಠಗಳಿಗೆ ಬರವಿಲ್ಲ. ಹುಲಿಹೈದರದಂಥ ಊರಲ್ಲಿ ಕೂತು ತಾವೇ ಕಲಿಯುವ ಹಾಡುಗಾರರು, ವಾದಕರು ಅವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು?

ಕನಕಗಿರಿ ತಾಲೂಕಿನ ಹುಲಿಹೈದರದಲ್ಲಾಗಲಿ, ಕುಷ್ಟಗಿ, ಯಲಬುರ್ಗಾ ಕಡೆಯ ಯಾವುದೇ ಊರಲ್ಲಾಗಲಿ ಪೇಟಿ (ಹಾರ್ಮೋನಿಯಂ) ಕಲಿಯುವ ಆಸೆ ಹುಟ್ಟಿದವರಿಗೆ ಹಿಂದೆ ಎರಡೇ ದಾರಿಗಳಿದ್ದವು. ಊರಿನ ಭಜನಾ ಮಂಡಳಿಯಲ್ಲೋ ಬಯಲಾಟದ ತಾಲೀಮಿನಲ್ಲೋ ಪೇಟಿ ಮಾಸ್ತರರ ಪಕ್ಕ ಕೂತು ಕಲಿಯುವುದು ಒಂದು. ಮನೆ ಬಿಟ್ಟು ಗದುಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಹೋಗಿ ಸೇರುವುದು ಇನ್ನೊಂದು. ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿದ ಆ ಆಶ್ರಮ ಗದುಗಿನಲ್ಲಿ ನೆಲೆ ನಿಲ್ಲುವ ಮೊದಲು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುವ ಪಾಠಶಾಲೆಯಾಗಿತ್ತು. ವಿದ್ಯೆ ಇದ್ದಲ್ಲಿಗೆ ಬಡವರ ಮಕ್ಕಳು ಹೋಗಲಾರರು, ವಿದ್ಯೆಯೇ ಅವರಿದ್ದಲ್ಲಿಗೆ ಹೋಗಬೇಕು ಎಂಬ ಅರಿವು ಆ ತಿರುಗಾಟದಲ್ಲಿತ್ತು. ಇವತ್ತು ಮೂರನೆಯ ದಾರಿಯೊಂದು ಅಂಗೈಗೇ ಬಂದಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. ಹಾರ್ಮೋನಿಯಂ, ತಬಲಾ, ರಾಗ ಎಂದು ಬೆರಳಚ್ಚಿಸಿದರೆ ಒಂದು ಜನ್ಮಕ್ಕೆ ನೋಡಿ ಮುಗಿಯದಷ್ಟು ವಿಡಿಯೊಗಳು ಮೊಬೈಲಿನ ಪರದೆಗೆ ಬಂದು ನಿಲ್ಲುತ್ತವೆ. ದಾರಿ ಹತ್ತಿರವಾಯಿತು, ನಿಜ. ಆದರೆ ವರ್ಷಗಟ್ಟಲೆ ವಿಡಿಯೊ ನೋಡಿಯೂ ಮಂಡಳಿಯ ನಡುವೆ ಕೂತು ಒಂದು ಭಜನೆಗೆ ಸರಿಯಾಗಿ ಪೇಟಿ ಹಿಡಿಯಲಾಗದವರು ಊರೂರಲ್ಲಿ ಇದ್ದಾರೆ. ಪಾಠ ಇಷ್ಟು ಸಿಕ್ಕೂ ವಿದ್ಯೆ ಕೈಗೆ ಹತ್ತದಿರುವುದು ಯಾಕೆ ಎಂದು ಕೇಳಿಕೊಂಡರೆ, ಎಂಥ ಪಾಠವನ್ನು ಆಯ್ದುಕೊಳ್ಳಬೇಕು ಎಂಬುದೂ ಹೊಳೆಯುತ್ತದೆ.

ಗುರುವಿಲ್ಲದೆ ಕಲಿತವರ ಮಾತು ಬಂದಾಗ ನಮ್ಮಲ್ಲಿ ಏಕಲವ್ಯನ ಹೆಸರು ತಾನಾಗಿ ಬರುತ್ತದೆ. ಮಣ್ಣಿನ ಮೂರ್ತಿಯ ಮುಂದೆ ನಿಂತು ಅವನು ಬಿಲ್ವಿದ್ಯೆ ಕಲಿತ. ಆ ಮೂರ್ತಿ ಅವನಿಗೆ ಶ್ರದ್ಧೆ ಕೊಟ್ಟಿರಬಹುದು, ತಪ್ಪು ತೋರಿಸಿಕೊಡಲು ಅದಕ್ಕೆ ಬಾಯಿರಲಿಲ್ಲ. ಅವನನ್ನು ತಿದ್ದಿದ್ದು ಎದುರಿಗಿದ್ದ ಗುರಿ. ಬಾಣ ಎರಡು ಬೆರಳು ಎಡಕ್ಕೆ ಹೋಗಿ ನೆಟ್ಟರೆ ಅದು ಕಣ್ಣಿಗೆ ಕಾಣುತ್ತದೆ, ಮುಂದಿನ ಬಾಣ ಎರಡು ಬೆರಳು ಬಲಕ್ಕೆ ಸರಿಯುತ್ತದೆ. ಸಂಗೀತದಲ್ಲಿ ಈ ಅನುಕೂಲವಿಲ್ಲ. ಗಂಟಲಿನಿಂದ ಹೊರಟ ಗಾಂಧಾರ ಎಲ್ಲಿ ಹೋಗಿ ಬಿತ್ತೆಂದು ಯಾವ ಮರದ ಮೇಲೂ ಗುರುತು ಮೂಡುವುದಿಲ್ಲ. ಅದನ್ನು ಅಳೆಯಬೇಕಾದದ್ದು ಕಿವಿ. ಕಲಿಯುವವರ ಕಿವಿ ಗಂಟಲಿನಷ್ಟೇ ಹಸಿಯಾಗಿರುವುದರಿಂದ ತಪ್ಪು ಹಾಡಿದವರಿಗೆ ಅದು ಸರಿಯಾಗಿಯೇ ಕೇಳುತ್ತಿರುತ್ತದೆ. ಹೀಗಾಗಿ ಸ್ವತಂತ್ರವಾಗಿ ಕಲಿಯುವವರಿಗೆ ನಿಜವಾಗಿ ಕೊರತೆ ಇರುವುದು ಪಾಠದ್ದಲ್ಲ, ತಿದ್ದುವ ಕಿವಿಯದು. ಕಲಿಯಬೇಕಾದ ವಿಷಯಗಳನ್ನು ಗುರಿ ಕಣ್ಣಿಗೆ ಕಾಣುವಂಥವು, ಕಾಣದಂಥವು ಎಂದು ಬೇರೆ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಹರಿಯುತ್ತದೆ. ಮೊದಲನೆಯ ಬಗೆಯವನ್ನು ಅಂತರ್ಜಾಲದಿಂದ ನಿಶ್ಚಿಂತೆಯಿಂದ ಕಲಿಯಬಹುದು. ಎರಡನೆಯ ಬಗೆಯವಕ್ಕೆ ಪಾಠಕ್ಕಿಂತ ಮೊದಲು ಗುರಿಯೊಂದನ್ನು ನಿಲ್ಲಿಸಿಕೊಳ್ಳಬೇಕು. ಯಾವ ಸಂಪನ್ಮೂಲ ಅದಕ್ಕೆ ನೆರವಾಗುತ್ತದೋ ಅದೇ ಉಪಯುಕ್ತ.

ನೋಡುವುದಕ್ಕೂ ಕಲಿಯುವುದಕ್ಕೂ ಇರುವ ಅಂತರವನ್ನು ಮೈಕೆಲ್ ಕಾರ್ಡಾಸ್ ಮತ್ತು ಎಡ್ ಒಬ್ರಯನ್ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿಕೊಟ್ಟಿದೆ. ಪಾತ್ರೆಗಳು ಅಲುಗದಂತೆ ಮೇಜಿನ ಬಟ್ಟೆ ಎಳೆಯುವುದು, ಡಾರ್ಟ್ ಎಂಬ ಚೂಪು ಮೊನೆಯ ಕಿರುಬಾಣವನ್ನು ಗುರಿಗೆ ಎಸೆಯುವುದು ಮುಂತಾದ ಕೈಚಳಕಗಳ ವಿಡಿಯೊಗಳನ್ನು ಅವರು ಕೆಲವರಿಗೆ ಒಮ್ಮೆ, ಕೆಲವರಿಗೆ ಹತ್ತಾರು ಸಲ ತೋರಿಸಿದರು. ಹೆಚ್ಚು ಸಲ ನೋಡಿದವರಿಗೆ ತಮಗೆ ಅದು ಬಂದೀತು ಎಂಬ ನಂಬಿಕೆ ಬೆಳೆಯಿತು, ಕೈಯ ಕೆಲಸ ಮಾತ್ರ ಸುಧಾರಿಸಲಿಲ್ಲ. ಸಾಮಾನನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಿದವರಲ್ಲಿ ಆ ಭ್ರಮೆ ಇಳಿಯಿತು. ಪೇಟಿಯ ಮೇಲೆ ಓಡುವ ಬೆರಳುಗಳನ್ನು ಗಂಟೆಗಟ್ಟಲೆ ನೋಡುವವರಿಗೂ ಆಗುವುದು ಇದೇ. ಇದರ ಜೊತೆಗೆ ಇನ್ನೊಂದು ಕಾರಣವೂ ಕೂಡಿಕೊಂಡಿದೆ. ಯೂಟ್ಯೂಬ್ 2012ರಿಂದ ವಿಡಿಯೊಗಳನ್ನು ಮುಂದೆ ತರುವಾಗ ಎಷ್ಟು ಜನ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ತೂಕ ಕೊಡುತ್ತ ಬಂದಿದೆ. ಒಳ್ಳೆಯ ಪಾಠ ಐದು ನಿಮಿಷ ಹೇಳಿ, ಮೊಬೈಲ್ ಬದಿಗಿಟ್ಟು ಒಂದು ತಾಸು ಅಭ್ಯಾಸ ಮಾಡಿರಿ ಎನ್ನುತ್ತದೆ. ಮುಂದೆ ಮುಂದೆ ಬರುವ ವಿಡಿಯೊ ಕಣ್ಣನ್ನು ಪರದೆಗೆ ಕಟ್ಟಿಹಾಕುತ್ತದೆ. ಮೊದಲಿಗೆ ಸಿಕ್ಕಿದ್ದೇ ಮೇಲ್ಮಟ್ಟದ್ದು ಎಂದುಕೊಳ್ಳುವುದು ಆದ್ದರಿಂದ ತಪ್ಪು.

ಕಣ್ಣಿಗಿಂತ ಕಿವಿ ದೊಡ್ಡದು ಎಂಬುದಕ್ಕೆ ಗದುಗಿನ ಆಶ್ರಮಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ದೃಷ್ಟಿ ಇಲ್ಲದವರು. ಆಶ್ರಮದಲ್ಲಿ ಪೇಟಿ, ತಬಲಾ, ಗಾಯನ ಕಲಿತು ಹೊರಬಂದ ಅನೇಕ ಶಿಷ್ಯರೂ ಹಾಗೆಯೇ. ಗುರುವಿನ ಬೆರಳು ಎಲ್ಲಿ ಹೋಯಿತೆಂದು ಅವರಲ್ಲಿ ಒಬ್ಬರೂ ಕಂಡವರಲ್ಲ. ಕೇಳಿದರು, ನುಡಿಸಿದರು, ತಪ್ಪಿದಲ್ಲಿ ಗುರು ನಿಲ್ಲಿಸಿದರು, ಮತ್ತೆ ನುಡಿಸಿದರು. ಬರ್ಲಿನ್ನಿನ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳನ್ನು ಅಭ್ಯಸಿಸಿ ಆಂಡರ್ಸ್ ಎರಿಕ್‌ಸನ್ ಮತ್ತು ಸಂಗಡಿಗರು 1993ರಲ್ಲಿ ಬರೆದ ಲೇಖನ ಇದೇ ಕ್ರಮಕ್ಕೆ ಶಾಸ್ತ್ರೀಯ ಆಧಾರ ಒದಗಿಸಿತು. ಅದನ್ನು ಹತ್ತು ಸಾವಿರ ತಾಸುಗಳ ಲೆಕ್ಕವಾಗಿ ಮಾತ್ರ ಜನ ನೆನಪಿಟ್ಟರು. ಆ ಲೇಖನದ ಸಾರ ಬೇರೆ: ಸದ್ಯ ಬರುವುದಕ್ಕಿಂತ ತುಸು ಕಷ್ಟದ ಕೆಲಸ ಹಿಡಿಯಬೇಕು, ತಪ್ಪು ಕೂಡಲೇ ತಿಳಿಯಬೇಕು, ತಿದ್ದಿ ಮತ್ತೆ ಮಾಡಬೇಕು. ಈ ಮೂರರಲ್ಲಿ ನಡುವಿನದು ಬಿಟ್ಟುಹೋದರೆ ಹತ್ತು ಸಾವಿರ ತಾಸು ಕಳೆದರೂ ಗಟ್ಟಿಯಾಗುವುದು ತಪ್ಪೇ.

ಶ್ರುತಿಗೊಂದು ಗುರಿ

ಹಾಗಾದರೆ ಕಾಣದ ಗುರಿಯನ್ನು ಕಾಣಿಸಿಕೊಳ್ಳುವುದು ಹೇಗೆ? ಮೊದಲನೆಯದು ಶ್ರುತಿ. ನಮ್ಮ ಕಡೆ ಸಂಗೀತ ಶುರುವಾಗುವುದೇ ಪೇಟಿಯಿಂದ. ಕರಿ ಒಂದು, ಬಿಳಿ ನಾಲ್ಕು ಎಂದು ಪಟ್ಟಿ ಹಿಡಿದು ಹಾಡುವ ರೂಢಿ. ಪೇಟಿ ಉಪಕಾರಿ ವಾದ್ಯ, ಆದರೆ ಸ್ವರಸ್ಥಾನದ ಅಂತಿಮ ಪ್ರಮಾಣವಾಗಿ ಅದನ್ನು ಹಿಡಿಯುವಂತಿಲ್ಲ. ಒಂದು ಸಪ್ತಕವನ್ನು 1,200 ಸೂಕ್ಷ್ಮ ಭಾಗ ಮಾಡಿ ಒಂದೊಂದನ್ನು ಸೆಂಟ್ ಎಂದು ಕರೆಯುವುದು ಧ್ವನಿಶಾಸ್ತ್ರದ ಲೆಕ್ಕ. ಹನ್ನೆರಡು ಮನೆಗಳನ್ನು ಸಮವಾಗಿ ಹಂಚಿದ ವಾದ್ಯದಲ್ಲಿ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್ ದೂರ ಇರುತ್ತದೆ. ತಂಬೂರಿಯ ಷಡ್ಜದೊಳಗಿನಿಂದ ತಾನಾಗಿ ಹೊಮ್ಮುವ ಗಾಂಧಾರ ಇರುವುದು 386ರ ಹತ್ತಿರ. ಪಂಚಮದಲ್ಲಿ ಈ ವ್ಯತ್ಯಾಸ ಬರೀ 2 ಸೆಂಟ್, ಗಾಂಧಾರದಲ್ಲಿ 14. ಭೂಪ ರಾಗ ಹಾಡುವವರ ಗಾಂಧಾರ ತಂಬೂರಿಯಲ್ಲಿ ಕರಗಬೇಕೋ ಪೇಟಿಗೆ ಅಂಟಿಕೊಳ್ಳಬೇಕೋ ಎಂಬ ಪ್ರಶ್ನೆ ಇರುವುದು ಈ 14 ಸೆಂಟಿನಲ್ಲಿ. ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಸ್ವರಸ್ಥಾನದ ಈ ತಕರಾರೂ ಒಂದು. ವಾದ್ಯವನ್ನೇ ಹೊರಗಿಟ್ಟದ್ದು ಅತಿಯಾಯಿತು ಎನ್ನಬಹುದು, ತಕರಾರಿನಲ್ಲಿ ಹುರುಳಿತ್ತು.

ಆದ್ದರಿಂದ ಹೊಸಬರು ಮೊಬೈಲಿಗೆ ಇಳಿಸಿಕೊಳ್ಳಬೇಕಾದ ಮೊದಲ ಸಾಧನ ಪಾಠದ ವಿಡಿಯೊ ಅಲ್ಲ, ತಂಬೂರಿಯ ಆ್ಯಪ್. ಬೆಂಗಳೂರಿನ ರಾಡೆಲ್ ಸಂಸ್ಥೆ 1970ರ ದಶಕದಲ್ಲೇ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಮಾಡತೊಡಗಿತು. ಆಗ ಹಣ ಕೊಟ್ಟು ಪೆಟ್ಟಿಗೆ ಕೊಳ್ಳಬೇಕಿತ್ತು, ಈಗ ಆ ಅನುಕೂಲ ಪುಕ್ಕಟೆಯಾಗಿ ಸಿಗುತ್ತದೆ. ಅದನ್ನು ಗುರಿಯಾಗಿ ಬಳಸುವ ರೀತಿ ಸರಳ. ತಂಬೂರಿ ಹಚ್ಚಿ ಷಡ್ಜ ಹಿಡಿಯಬೇಕು. ದನಿ ಪೂರ್ತಿ ಕೂಡಿದರೆ ಎರಡು ನಾದಗಳ ನಡುವಿನ ಅಲೆಯಾಟ ನಿಂತು ಒಂದೇ ಆಗಿ ಕೇಳುತ್ತದೆ. ಆಮೇಲೆ ತಂಬೂರಿಯ ದನಿ ಪೂರ್ತಿ ತಗ್ಗಿಸಿ ಒಂದೆರಡು ನಿಮಿಷ ಅಲಂಕಾರಗಳನ್ನು ಹಾಡಿ, ಷಡ್ಜಕ್ಕೆ ಬಂದು ನಿಂತು, ಮತ್ತೆ ದನಿ ಏರಿಸಬೇಕು. ಷಡ್ಜ ಜಾರಿದ್ದರೆ ಆ ಕ್ಷಣವೇ ಗೊತ್ತಾಗುತ್ತದೆ. ಹಾಡಿದ ಸ್ವರವನ್ನು ಗೆರೆಯಾಗಿ ತೋರಿಸುವ ಟ್ಯೂನರ್ ಆ್ಯಪ್‌ಗಳಿವೆ. ಕಂಪ್ಯೂಟರ್ ಇದ್ದವರಿಗೆ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸೋನಿಕ್ ವಿಶುವಲೈಸರ್ ಎಂಬ ಉಚಿತ ತಂತ್ರಾಂಶವಿದೆ. ಮೊದಲ ಕೆಲವು ತಿಂಗಳು ನಿಂತ ಸ್ವರವನ್ನು ಪರೀಕ್ಷಿಸಲು ಇವು ನೆರವಾಗುತ್ತವೆ. ಆದರೆ ಬಹುಪಾಲು ಟ್ಯೂನರ್‌ಗಳು ಅಳೆಯುವುದು ಸಮವಾಗಿ ಹಂಚಿದ ಮನೆಗಳ ಲೆಕ್ಕದಲ್ಲೇ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡನ್ನೂ ಸ್ವರವನ್ನು ತೂಗುವ ಆಂದೋಲನವನ್ನೂ ಅವು ತಪ್ಪೆಂದೇ ತೋರಿಸಿಯಾವು. ಗೆರೆ ನೋಡಿ ಹಾಡುವುದು ರೂಢಿಯಾದರೆ ಕಿವಿ ಮತ್ತೆ ಹಿಂದೆ ಬೀಳುತ್ತದೆ. ಹಾಡುವಾಗ ಕಣ್ಣು ಮುಚ್ಚಿ, ಹಾಡಿದ ಮೇಲೆ ಗೆರೆ ನೋಡುವುದು ಸರಿಯಾದ ಕ್ರಮ.

ಲಯಕ್ಕೂ ಇದೇ ಮಾತು. ಭಜನೆಯಲ್ಲಿ ಹೆಚ್ಚು ಕೇಳುವುದು ಎಂಟು ಮಾತ್ರೆಯ ಕೆಹರವಾ, ಆರು ಮಾತ್ರೆಯ ದಾದರಾ. ತಬಲಾದ ಠೇಕಾ ನುಡಿಸುವ ಆ್ಯಪ್ ಹಚ್ಚಿಕೊಂಡು ಅದರ ಮೇಲೆ ಹಾಡುವವರಿಗೆ ತಮ್ಮ ಲಯ ಗಟ್ಟಿಯಿದೆ ಎನಿಸುತ್ತದೆ. ಹಾಗೆ ಎನಿಸುವುದು ಯಂತ್ರದ ಆಸರೆಯಿಂದ. ಠೇಕಾದ ದನಿ ನಾಲ್ಕು ಆವರ್ತನ ತಗ್ಗಿಸಿ, ಕೈಯಲ್ಲಿ ತಾಳ ಹಾಕುತ್ತ ಹಾಡಿ, ಆವರ್ತನದ ಮೊದಲ ಮಾತ್ರೆಯಾದ ಸಮ್ ಬರುವ ಹೊತ್ತಿಗೆ ದನಿ ಏರಿಸಿದರೆ ಯಂತ್ರ ಎಲ್ಲಿದೆ, ತಾವು ಎಲ್ಲಿದ್ದೇವೆ ಎಂಬುದು ತಿಳಿಯುತ್ತದೆ. ಬಾಣ ಎಷ್ಟು ಬೆರಳು ಆಚೆ ಬಿತ್ತೆಂಬುದು ಇಲ್ಲಿ ನಿಖರವಾಗಿ ಗೊತ್ತಾದಂತಾಯಿತು. ತಬಲಾ ಕಲಿಯುವವರು ಬೋಲುಗಳನ್ನು ಕೈಗೆ ತರುವ ಮೊದಲು ಬಾಯಿಪಾಠ ಹೇಳಬೇಕೆಂಬ ಹಳೆಯ ನಿಯಮವೂ ಇದೇ ತರದ ಗುರಿ. ಬಾಯಲ್ಲಿ ಎಡವಿದ ಕಾಯ್ದಾ ಕೈಯಲ್ಲಿ ನಿಲ್ಲುವುದಿಲ್ಲ. ಯೂಟ್ಯೂಬಿನಲ್ಲಿ ವೇಗವನ್ನು ಅರ್ಧಕ್ಕೆ, ಮುಕ್ಕಾಲಿಗೆ ಇಳಿಸಿದರೂ ಶ್ರುತಿ ಬದಲಾಗುವುದಿಲ್ಲ. ಹಿಂದೆ ಮಾಸ್ತರರನ್ನು ‘ಇನ್ನೊಮ್ಮೆ ಸಾವಕಾಶ ಬಾರಿಸ್ರಿ’ ಎಂದು ಎಷ್ಟು ಸಲ ತಾನೇ ಕೇಳಬಹುದಿತ್ತು? ಈ ಸೌಕರ್ಯವನ್ನು ಮನಸಾರೆ ಬಳಸಿಕೊಳ್ಳಬೇಕು.

ಒಳ್ಳೆಯ ಪಾಠದ ಗುರುತು

ಗುರಿಗಳು ನಿಂತ ಮೇಲೆ ಪಾಠದ ಆಯ್ಕೆ. ಒಳ್ಳೆಯ ಪಾಠಕ್ಕೆ ಕೆಲವು ಗುರುತುಗಳಿವೆ. ಕಲಿಸುವವರು ಯಾವ ಪಟ್ಟಿಯಲ್ಲಿ ಹಾಡುತ್ತಿದ್ದಾರೆಂದು ಮೊದಲೇ ಹೇಳುತ್ತಾರೆ. ತಂಬೂರಿ ಹಿನ್ನೆಲೆಯಲ್ಲಿ ಕೇಳುತ್ತಿರುತ್ತದೆ. ಒಂದು ಸಾಲು ಹೇಳಿ, ತಿರುಗಿ ಹೇಳಲು ಜಾಗ ಬಿಡುತ್ತಾರೆ. ಸಾಮಾನ್ಯವಾಗಿ ಎಲ್ಲಿ ತಪ್ಪುತ್ತದೆ, ತಪ್ಪಿದರೆ ಹೇಗೆ ಕೇಳುತ್ತದೆ ಎಂಬುದನ್ನೂ ಹಾಡಿ ತೋರಿಸುತ್ತಾರೆ. ಈ ಪಾಠಕ್ಕೆ ಮೊದಲು ಏನು ಬಂದಿರಬೇಕು, ಇದಾದ ಮೇಲೆ ಮುಂದೇನು ಎಂಬ ಕ್ರಮ ಇರುತ್ತದೆ. ಚೀಜನ್ನು (ಬಂದಿಶನ್ನು) ಯಾರಿಂದ ಪಡೆದರು ಎಂಬುದನ್ನು ಮುಚ್ಚಿಡುವುದಿಲ್ಲ. ಹತ್ತು ದಿನದಲ್ಲಿ ಹಾರ್ಮೋನಿಯಂ ಕಲಿಸುತ್ತೇವೆ ಎನ್ನುವ ಪಾಠದಲ್ಲಿ ಇವುಗಳಲ್ಲಿ ಬಹುಪಾಲು ಇರುವುದಿಲ್ಲ. ಹಿಂದುಸ್ತಾನಿ ಕಲಿಯುವವರಿಗೆ ತಾನರಂಗ್, ಸ್ವರಗಂಗಾ ಎಂಬ ತಾಣಗಳಲ್ಲಿ ರಾಗಗಳ ವಿವರ, ಬಂದಿಶುಗಳು ಸಿಗುತ್ತವೆ. ಕರ್ನಾಟಕ ಸಂಗೀತಕ್ಕೆ ಶಿವಕುಮಾರ್ ಕಲ್ಯಾಣರಾಮನ್ ಅವರು ತಮ್ಮ ತಾಣದಲ್ಲಿ ಸ್ವರಲಿಪಿಯನ್ನೂ ಅದರ ಧ್ವನಿಪಾಠವನ್ನೂ ಉಚಿತವಾಗಿ ಇಟ್ಟಿದ್ದಾರೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್‌ನಲ್ಲಿ ಎಂಜಿನಿಯರಿಂಗ್ ಪಾಠಗಳ ನಡುವೆ ಲಕ್ಷ್ಮೀ ಶ್ರೀರಾಮ್ ಅವರ ಸಂಗೀತಾಸ್ವಾದದ ಪಾಠಗಳೂ ಇವೆ. ಭಾತಖಂಡೆ ಅವರ (1860–1936) ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗಗಳು ಇಂದಿಗೂ ಬಂದಿಶುಗಳ ದೊಡ್ಡ ಕಣಜ. ಯಾವುದೇ ಬಂದಿಶನ್ನು ವಿಡಿಯೊ ನೋಡಿ ಕಲಿತರೂ ಅದರ ಸ್ವರಲಿಪಿಯೊಂದಿಗೆ ಹೋಲಿಸುವುದು ಒಳ್ಳೆಯದು. ಎರಡರಲ್ಲಿ ವ್ಯತ್ಯಾಸ ಕಂಡರೆ ಹೆದರಬೇಕಿಲ್ಲ, ಕೇಳಬೇಕಾದ ಒಂದು ಪ್ರಶ್ನೆ ಕೈಗೆ ಸಿಕ್ಕಿತು ಎಂದೇ ಅರ್ಥ.

ಪಾಠಕ್ಕಿಂತಲೂ ದೊಡ್ಡದು ಕೇಳ್ಮೆ. ಗ್ರಾಮಫೋನ್ ಕಂಪನಿಗಾಗಿ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕೊಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿ ಹಿಡಿದಂದಿನಿಂದ ಅರ್ಧ ಶತಮಾನದ ಕಾಲ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ರಾಗದ ಮುಖ ಪೂರ್ತಿ ಕಾಣುವಂತೆ ಹಾಡಬೇಕಿತ್ತು. ಹೊಸಬರಿಗೆ ಇದರಷ್ಟು ಒಳ್ಳೆಯ ಪಾಠಪುಸ್ತಕ ಇನ್ನೊಂದಿಲ್ಲ. ಒಂದು ತಾಸಿನ ಖ್ಯಾಲಿನಲ್ಲಿ ಗುರುತಿಗೆ ಸಿಗದ ರಾಗದ ಪಕಡ್ ಆ ಕಿರು ಮುದ್ರಿಕೆಗಳಲ್ಲಿ ಎದ್ದು ಕೇಳುತ್ತದೆ. ನಮ್ಮ ಧಾರವಾಡ, ಗದಗ ಸೀಮೆಯ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಅವರ ಧ್ವನಿಮುದ್ರಣಗಳು ಅಂತರ್ಜಾಲದಲ್ಲಿ ಹೇರಳವಾಗಿವೆ. ಆಕಾಶವಾಣಿಯ ‘ರಾಗಂ’ ವಾಹಿನಿ 2016ರ ಜನವರಿ 26ರಿಂದ ದಿನದ ಇಪ್ಪತ್ತನಾಲ್ಕು ತಾಸೂ ಶಾಸ್ತ್ರೀಯ ಸಂಗೀತ ಬಿತ್ತರಿಸುತ್ತಿದೆ, ಪ್ರಸಾರ ಭಾರತಿ ತನ್ನ ಭಂಡಾರವನ್ನು ಯೂಟ್ಯೂಬಿಗೆ ತರುತ್ತಿದೆ. ತಿಂಗಳಿಗೆ ಒಂದೇ ರಾಗ ಹಿಡಿದು, ಅದನ್ನು ಮೂವರು ಗಾಯಕರಲ್ಲಿ ಕೇಳುವುದು ಒಂದು ಫಲಕಾರಿ ವಿಧಾನ. ಮೂವರಲ್ಲೂ ಸಮಾನವಾಗಿ ಕೇಳುವುದು ರಾಗದ ಲಕ್ಷಣ, ಬೇರೆಯಾಗಿ ಕೇಳುವುದು ಅವರವರ ಘರಾಣೆ, ಅವರವರ ಮನೋಧರ್ಮ. ಒಬ್ಬರನ್ನೇ ಕೇಳಿ ಅನುಕರಿಸುವವರಿಗೆ ಈ ಎರಡೂ ಕಲಸಿಹೋಗುತ್ತವೆ.

ಗುರಿ ಕಾಣುವ ವಿದ್ಯೆಗಳು

ಸ್ವತಂತ್ರ ಸಂಗೀತಗಾರರಿಗೆ ಹಾಡಿನ ಹೊರಗೂ ಕಲಿಯಬೇಕಾದದ್ದು ಬಹಳಷ್ಟಿದೆ. ಹಿಂದೆ ಕ್ಯಾಸೆಟ್ ಕಂಪನಿಯೋ ನಾಟಕ ಕಂಪನಿಯೋ ನೋಡಿಕೊಳ್ಳುತ್ತಿದ್ದ ಕೆಲಸಗಳನ್ನು ಈಗ ಸಂಗೀತಗಾರರೇ ಮಾಡಿಕೊಳ್ಳಬೇಕು. ಈ ಭಾಗದಲ್ಲಿ ಅಂತರ್ಜಾಲವನ್ನು ಪೂರ್ತಿಯಾಗಿ ನೆಚ್ಚಬಹುದು, ಯಾಕೆಂದರೆ ಇಲ್ಲಿ ಗುರಿ ಕಾಣುತ್ತದೆ. ಧ್ವನಿಮುದ್ರಣವನ್ನೇ ತೆಗೆದುಕೊಳ್ಳಿ. ದನಿ ಒಡೆದರೆ ಅಳತೆಪಟ್ಟಿ ಕೆಂಪಾಗುತ್ತದೆ. ಫ್ಯಾನಿನ ಸದ್ದು ಸೇರಿದರೆ ಇಯರ್‌ಫೋನಿನಲ್ಲಿ ಯಾರಿಗಾದರೂ ಕೇಳುತ್ತದೆ. ಧ್ವನಿಮುದ್ರಿಸಿ ತಿದ್ದಲು ಒಡಾಸಿಟಿ, ಸ್ವರಲಿಪಿಗೆ ಮ್ಯೂಸ್‌ಸ್ಕೋರ್, ಮೊಬೈಲಿನಲ್ಲೇ ಹಲವು ಪದರಗಳಲ್ಲಿ ಹಾಡು ಜೋಡಿಸುವ ಬ್ಯಾಂಡ್‌ಲ್ಯಾಬ್ ಇವೆಲ್ಲ ಹಣ ಕೊಡದೆ ಸಿಗುತ್ತವೆ. ಇವುಗಳ ಬಳಕೆಯನ್ನು ವಿಡಿಯೊ ನೋಡಿ ಹಂತ ಹಂತವಾಗಿ ಕಲಿಯಬಹುದು. ಸಾಹಿತ್ಯದ ಪಾಠಶುದ್ಧಿಯೂ ಹೀಗೆಯೇ. ‘ವಚನ ಸಂಚಯ’ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಪದ ಹಿಡಿದು ಹುಡುಕಬಹುದು. ಬಾಯಿಂದ ಬಾಯಿಗೆ ಬರುವಾಗ ತಿರುಚಿಹೋದ ಒಂದು ಶಬ್ದವನ್ನು ಸರಿಪಡಿಸಿಕೊಳ್ಳಲು ಈಗ ಯಾವ ಗ್ರಂಥಾಲಯಕ್ಕೂ ಹೋಗಬೇಕಿಲ್ಲ.

ಹಕ್ಕುಗಳ ತಿಳಿವಳಿಕೆ ಇನ್ನೂ ಮುಖ್ಯ, ಅದನ್ನು ಕಲಿಯದೆ ಹಾಡು ಏರಿಸಿ ತೊಂದರೆಗೆ ಸಿಕ್ಕವರು ಕಡಿಮೆಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿಯ, ರಾಗ ಸಂಯೋಜಕರ ಹಕ್ಕು ಅವರ ಜೀವಿತಾವಧಿಯಲ್ಲೂ ಕಾಲವಾದ ಮೇಲೆ 60 ವರ್ಷವೂ ಇರುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಶಿಶುನಾಳ ಶರೀಫರು (1819–1889) ಕಟ್ಟಿದ ಪದಗಳು ಎಲ್ಲರ ಸೊತ್ತು. ವಚನಗಳೂ ದಾಸರ ಪದಗಳೂ ಹಾಗೆಯೇ. ಆದರೆ ಶರೀಫರ ಪದಕ್ಕೆ ಸಿ. ಅಶ್ವಥ್ ಹಾಕಿದ ಧಾಟಿ ಅಶ್ವಥ್ ಅವರದು. ಅವರು ತೀರಿಕೊಂಡದ್ದು 2009ರಲ್ಲಿ, ಎಂದರೆ 2069ರ ಕೊನೆಯವರೆಗೆ ಅದಕ್ಕೆ ರಕ್ಷಣೆ ಇದೆ. 1981ರಲ್ಲಿ ಕಾಲವಾದ ಬೇಂದ್ರೆಯವರ ಕವಿತೆಗಳು ಮುಕ್ತವಾಗುವುದು 2041 ಮುಗಿದ ಮೇಲೆ. ಇಷ್ಟು ಗೊತ್ತಿದ್ದವರು ಶರೀಫರ ಪದಕ್ಕೆ ತಮ್ಮ ಊರಿನ ಮಂಡಳಿಯ ಹಳೆಯ ಧಾಟಿಯನ್ನೇ ಹಿಡಿದು ಧೈರ್ಯವಾಗಿ ಹಾಡಿ ಬಿಡುಗಡೆ ಮಾಡಬಹುದು. ಕಾನೂನಿನ ತಿಳಿವಳಿಕೆಯೇ ಇಲ್ಲಿ ಕಲಾವಿದರನ್ನು ತಮ್ಮ ಊರಿನ ದನಿಗೆ ಮರಳಿಸುತ್ತದೆ.

ಆಕ್ಷೇಪಗಳು

ಈ ವಾದಕ್ಕೆ ಮೊದಲ ಆಕ್ಷೇಪ ಪರಂಪರೆಯನ್ನು ನಂಬಿದವರಿಂದ ಬರುತ್ತದೆ. ಗುರುಮುಖವಿಲ್ಲದ ವಿದ್ಯೆ ವಿದ್ಯೆಯೇ ಅಲ್ಲ, ಅಂತರ್ಜಾಲದ ಗೊಡವೆಯೇ ಬೇಡ ಎನ್ನುತ್ತಾರೆ ಅವರು. ತಿದ್ದುವ ಕಿವಿ ಬೇಕೆಂಬ ಮಟ್ಟಿಗೆ ಅವರ ಮಾತು ಸತ್ಯ. ಆದರೆ ಗುರುವಿನ ಬಳಿಗೆ ಹೋಗುವ ಹಂಬಲವನ್ನೇ ಯಂತ್ರ ಹುಟ್ಟಿಸಿದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಮುದ್ರಿಕೆ ಕೇಳಿ ಮರುಳಾದ ಭೀಮಸೇನ ಜೋಶಿ ಹನ್ನೊಂದನೆಯ ವಯಸ್ಸಿನಲ್ಲಿ, 1933ರಲ್ಲಿ, ಮನೆ ಬಿಟ್ಟು ಗುರುವನ್ನು ಹುಡುಕುತ್ತ ಉತ್ತರದೇಶವೆಲ್ಲ ಅಲೆದರು. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ರೂಪದಲ್ಲಿ. ಆ ತಟ್ಟೆ ಅವರಿಗೆ ಹಾಡು ಕಲಿಸಲಿಲ್ಲ, ಹೀಗೂ ಹಾಡಬಹುದು ಎಂದು ತೋರಿಸಿತು. ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಗುರುಮನೆಯ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ಗಂಗೂಬಾಯಿ ಹಾನಗಲ್ಲರು (1913–2009) ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಅದೇ ಸವಾಯಿ ಗಂಧರ್ವರಲ್ಲಿ ಕಲಿತರು. ಹಾಡುವ ಹೆಣ್ಣನ್ನು ಕೀಳಾಗಿ ಕಂಡ, ಜಾತಿ ಹಿಡಿದು ನೋಯಿಸಿದ ಸಮಾಜವನ್ನು ಅವರು ದಾಟಿ ಬರಬೇಕಾಯಿತು. ಸಂಜೆ ಮಂಡಳಿಗೆ ಹೋಗಲು ಇಂದಿಗೂ ಮನೆಯಲ್ಲಿ ಅಪ್ಪಣೆ ಸಿಗದ ಹುಡುಗಿಯರಿಗೆ ಮೊಬೈಲಿನೊಳಗಿನ ತಂಬೂರಿ ಸಣ್ಣ ಸಂಗತಿಯಲ್ಲ. ಅವರಿಗೆ ಅಂತರ್ಜಾಲ ಬೇಡ ಎನ್ನುವುದು ಸಂಗೀತವೇ ಬೇಡ ಎಂದಂತಾಗುತ್ತದೆ.

ಹಾಗಾದರೆ ಗುರುವನ್ನೇ ಆನ್‌ಲೈನಿನಲ್ಲಿ ಪಡೆಯಬಹುದಲ್ಲ ಎಂಬ ಮಾತೂ ಬರುತ್ತದೆ. ಪಡೆಯಬಹುದು, ಅದರ ಮಿತಿ ತಿಳಿದಿದ್ದರೆ ಒಳ್ಳೆಯದು. ಇಬ್ಬರು ಕೂಡಿ ನುಡಿಸಬೇಕಾದರೆ ನಡುವಿನ ವಿಳಂಬ ಸೆಕೆಂಡಿನ ಸುಮಾರು ನಲವತ್ತನೇ ಒಂದು ಭಾಗದ ಒಳಗಿರಬೇಕು. ವಿಡಿಯೊ ಕರೆಯಲ್ಲಿ ಅದು ಸಾಮಾನ್ಯವಾಗಿ ಅದರ ಹಲವು ಪಟ್ಟು ಇರುತ್ತದೆ. ಗುರುವಿನ ಜೊತೆಗೇ ತಾಳ ಹಾಕುವುದು ಅಲ್ಲಿ ಆಗದ ಮಾತು. ಗುರು ಹಾಡಿ ನಿಲ್ಲಿಸಿದ ಮೇಲೆ ಶಿಷ್ಯ ಹಾಡುವುದು ಮಾತ್ರ ಸಾಧ್ಯ. ಮಾತನ್ನು ಸ್ಪಷ್ಟಗೊಳಿಸುವ ತಂತ್ರಾಂಶವು ತಂಬೂರಿಯ ನಾದವನ್ನು ಗದ್ದಲವೆಂದು ಭಾವಿಸಿ ಅಳಿಸಿಹಾಕುವುದೂ ಉಂಟು. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಒತ್ತಿದರೆ ಈ ತೊಂದರೆ ತಗ್ಗುತ್ತದೆ. ನೇರ ತರಗತಿಗೆ ಹಣ ಕೊಡಲಾಗದವರು ಎರಡು ನಿಮಿಷದ ಧ್ವನಿಮುದ್ರಣ ಮಾಡಿ ಬಲ್ಲವರಿಗೆ ಕಳಿಸಿ, ತಿದ್ದಿಸಿಕೊಂಡರೂ ಸಾಕಷ್ಟು ಪ್ರಯೋಜನವಿದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಮ್ಮ ಜಾನಪದ ಕಲಾವಿದರು ಸ್ವರಲಿಪಿಯನ್ನೂ ಕಂಡವರಲ್ಲ, ಶ್ರುತಿಪೆಟ್ಟಿಗೆಯನ್ನೂ ಕಂಡವರಲ್ಲ, ಅವರಿಗೆ ಬೇಕಾಗದ ಸಾಧನ ಈ ಹೊಸಬರಿಗೆ ಯಾಕೆ? ಕೊಪ್ಪಳ ತಾಲೂಕಿನ ಮೋರನಾಳದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅವರ ವಿದ್ಯೆ ಮನೆತನದಿಂದ ಬಂದದ್ದು. ಆದರೆ ಮನೆತನದ ಕಲೆಯಲ್ಲಿ ತಿದ್ದುವ ಕಿವಿಗೆ ಕೊರತೆಯೇ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ಆಟದಲ್ಲಿ, ಅಡುಗೆಮನೆಯಲ್ಲಿ, ಊರೂರು ತಿರುಗುವ ದಾರಿಯಲ್ಲಿ ಹಿರಿಯರ ಕಿವಿ ಸದಾ ಜೊತೆಗಿರುತ್ತದೆ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಹಾಡುವ ಮೇಳದಲ್ಲಿ ಒಬ್ಬರ ದನಿ ಜಾರಿದರೆ ಮಿಕ್ಕವರ ದನಿ ಎತ್ತಿ ಹಿಡಿಯುತ್ತದೆ. ಜಾನಪದದ ಉದಾಹರಣೆ ಆದ್ದರಿಂದ ಈ ವಾದವನ್ನು ಮುರಿಯುವುದಿಲ್ಲ, ಬಲಪಡಿಸುತ್ತದೆ. ಒಂಟಿಯಾಗಿ ಮೊಬೈಲ್ ಹಿಡಿದು ಕೂತವರಿಗೆ ಇಲ್ಲದಿರುವುದು ಆ ಮೇಳ.

ಮೂರನೆಯದು ಭಾಷೆಯ ಮಾತು. ಮೇಲೆ ಹೆಸರಿಸಿದ ತಾಣಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಭಾತಖಂಡೆಯವರ ಪುಸ್ತಕ ಮರಾಠಿ, ಹಿಂದಿಗಳಲ್ಲಿದೆ. ಸರಿಗಮಕ್ಕೆ ಭಾಷೆಯಿಲ್ಲ, ಕಿವಿಗೆ ಅನುವಾದ ಬೇಕಿಲ್ಲ ಎಂಬುದು ಅರ್ಧ ಸಮಾಧಾನ ಮಾತ್ರ. ವಿವರಣೆ ತಾಯ್ನುಡಿಯಲ್ಲಿ ಸಿಗಬೇಕು. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಮೂರೂ ನಮ್ಮ ತೆರಿಗೆಯ ಹಣದಲ್ಲಿ ನಡೆಯುತ್ತವೆ. ಸ್ವರಾಭ್ಯಾಸದಿಂದ ಶುರುವಾಗಿ ಕ್ರಮವಾಗಿ ಬೆಳೆಯುವ ಕನ್ನಡದ ಪಾಠಸರಣಿಯೊಂದನ್ನು, ತಂಬೂರಿಯ ಹಿನ್ನೆಲೆ ಇಟ್ಟು, ತಪ್ಪುಗಳನ್ನೂ ಹಾಡಿ ತೋರಿಸಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅವು ಕೂಡಿ ಸಿದ್ಧಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕಬೀರನ ಪದಗಳಿಗಾಗಿ ಬೆಂಗಳೂರಿನಿಂದ ಶಬನಂ ವಿರ್ಮಾನಿ ಮತ್ತು ಸಂಗಡಿಗರು ಕಟ್ಟಿದ ‘ಅಜಬ್ ಶಹರ್’ ತಾಣದಲ್ಲಿ ಹಾಡು, ಹಾಡಿದವರ ಹೆಸರು, ಸಾಹಿತ್ಯ, ಅರ್ಥ ಎಲ್ಲ ಒಟ್ಟಿಗೆ ಸಿಗುತ್ತವೆ. ನಮ್ಮ ತತ್ವಪದ, ರಿವಾಯತ್, ದೊಡ್ಡಾಟದ ಪದಗಳಿಗೂ ಅಂಥದೊಂದು ಮನೆ ಬೇಕು.

ಆ ಮನೆ ಆಗುವವರೆಗೆ ಕಾಯಬೇಕಿಲ್ಲ. ವಾರದ ಆರು ದಿನ ತಂಬೂರಿ, ಠೇಕಾ, ಒಂದೇ ಪಾಠ, ಒಂದೇ ರಾಗ ಹಿಡಿದು ಮನೆಯಲ್ಲಿ ಅಭ್ಯಾಸ ಮಾಡಿ, ದಿನಕ್ಕೆ ಎರಡು ನಿಮಿಷ ಧ್ವನಿಮುದ್ರಿಸಿ, ಮರುದಿನ ಅದನ್ನು ಬೇರೆಯವರ ಹಾಡೆಂಬಂತೆ ಕೇಳುವುದು. ಏಳನೆಯ ದಿನ ಭಜನೆಗೆ ಹೋಗಿ ಮಂಡಳಿಯಲ್ಲಿ ಕೂರುವುದು. ಹೋಗಲಾಗದವರು ಆ ವಾರದ ಧ್ವನಿಮುದ್ರಣವನ್ನು ಊರಿನ ಪೇಟಿ ಮಾಸ್ತರರಿಗೆ ಕೇಳಿಸುವುದು. ಕೇಳಿಸಿದಾಗ ‘ಹೆಂಗ ಹಾಡೇನ್ರಿ’ ಎಂದರೆ, ಮಾಸ್ತರರು ಪ್ರೀತಿಯಿಂದ ‘ಚಲೋ ಹಾಡೀಯವ್ವಾ’ ಎಂದುಬಿಡುತ್ತಾರೆ, ಕಲಿಕೆ ಅಲ್ಲಿಗೆ ನಿಲ್ಲುತ್ತದೆ. ‘ಎಲ್ಲಿ ತಪ್ಪೇತ್ರಿ ಸರ’ ಎಂದು ಕೇಳಬೇಕು. ಆಗ ಅವರು ಇನ್ನೊಮ್ಮೆ ಹಚ್ಚಲು ಹೇಳಿ, ಕಣ್ಣು ಮುಚ್ಚಿ ಕೇಳಿ, ಒಂದು ಸಾಲಿನ ಮೇಲೆ ಬೆರಳೆತ್ತಿ ನಿಲ್ಲಿಸುತ್ತಾರೆ. ಮುಂದಿನ ವಾರ ಯಾವ ಪಾಠ ಹುಡುಕಬೇಕೆಂಬುದನ್ನು ಆ ಬೆರಳು ಹೇಳುತ್ತದೆ.